ಆರೈಕೆ ಕಡಿಮೆ ಯಾರಿಗೆ?

ಲಾನಿಗೆ ಬದಲು ಮನೆಯ ಮುಂದೆ ಏನು ಬೆಳೆಸಬಹುದು? ಆರೈಕೆ ಕಡಿಮೆ ಬೇಡುವಂಥದ್ದು ಏನಾದರೂ ಇದೆಯೆ? ನೀರಿನ ಟ್ಯಾಂಕರಿನ ಬೆಲೆ ಏರಿದಾಗೆಲ್ಲ ಬೆಂಗಳೂರು, ಮೈಸೂರಿನ ಕಾಂಪೌಂಡುಗಳ ಒಳಗಿನಿಂದ ಈ ಪ್ರಶ್ನೆ ಕೇಳಿಬರುತ್ತದೆ. ಗೇಣು ಜಾಗ ಇಲ್ಲದವರ ಪತ್ರಿಕೆಯಲ್ಲಿ ಇದ್ಯಾಕಪ್ಪ ಹುಲ್ಲಿನ ಪುರಾಣ ಅಂತ ಗೆಳೆಯರು ಕೇಳಬಹುದು. ಕೇಳಲಿ. ಆ ಹುಲ್ಲನ್ನು ನೆಟ್ಟವರು, ಅದಕ್ಕೆ ನೀರು ಹಾಯಿಸಿದವರು, ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತವರು, ಕಿತ್ತು ಮುಗಿದ ಮೇಲೆ ಅದರ ಮೇಲೆ ಕೂರದೆ ಗೇಟಿನಾಚೆಯ ಮರದ ನೆರಳಿಗೆ ಹೋಗಿ ಬುತ್ತಿ ಬಿಚ್ಚಿದವರು ನಮ್ಮವರೇ. ಆದ್ದರಿಂದ ಇದು ನಮ್ಮ ಪ್ರಶ್ನೆಯೂ ಹೌದು.

ಮೊದಲು ಆ "ಆರೈಕೆ ಕಡಿಮೆ" ಅನ್ನೋ ಮಾತನ್ನೇ ಹಿಡಿದು ಕೇಳೋಣ. ಕಡಿಮೆ ಯಾರಿಗೆ? ನಮ್ಮಲ್ಲಿ ಲಾನಿನ ಒಡೆಯನಿಗೆ ಲಾನಿನಿಂದ ಆಗುವ ಶ್ರಮ ಏನೂ ಇಲ್ಲ. ಬೆಳಗ್ಗೆ ಎದ್ದು ಕಾಫಿ ಲೋಟ ಹಿಡಿದು ನೋಡುವುದಷ್ಟೇ ಅವನ ಕೆಲಸ. ಕತ್ತರಿಸೋನು ಒಬ್ಬ, ಗೊಬ್ಬರ ಎರಚೋನು ಒಬ್ಬ, ಕಳೆ ಕೀಳೋಳು ಒಬ್ಬಳು. ಒಡೆಯನ ಲೆಕ್ಕದಲ್ಲಿ ಲಾನು ಯಾವತ್ತೋ ಆರೈಕೆ ಬೇಡದ ತೋಟ ಆಗಿಬಿಟ್ಟಿದೆ. ಹಾಗಿದ್ದೂ ಅವನು ಈಗ ಬದಲು ಹುಡುಕುತ್ತಿದ್ದಾನೆ ಅಂದರೆ, ಯಾರದೋ ಬೆನ್ನು ನೋಯುತ್ತಿದೆ ಅಂತ ಅಲ್ಲ, ನೀರಿನ ಬಿಲ್ಲು ನೋಯಿಸುತ್ತಿದೆ ಅಂತ.

ಈ ಪ್ರಶ್ನೆ ಜೋರಾಗಿ ಎದ್ದದ್ದು ಅಮೆರಿಕದಲ್ಲಿ. ಯಾಕೆ ಅಂದರೆ ಅಲ್ಲಿ ಬಹಳ ಮನೆಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಮನೆಯವನೇ ತಳ್ಳಬೇಕು. ಅಲ್ಲೂ ಉಳ್ಳವರು ಮೆಕ್ಸಿಕೋ ಕಡೆಯಿಂದ ಬಂದ ಕೂಲಿಯವರ ಕೈಲಿ ಮಾಡಿಸುತ್ತಾರೆ, ಆ ಮಾತು ಬೇರೆ. ಆದರೂ ಅಲ್ಲಿ ಹೋಗಿ ಮನೆ ಮಾಡಿದ ನಮ್ಮ ಕನ್ನಡದ ಇಂಜಿನಿಯರುಗಳೂ ಶನಿವಾರ ಬಂತೆಂದರೆ ಯಂತ್ರ ತಳ್ಳುತ್ತಾರೆ. ಇಲ್ಲಿದ್ದಾಗ ಅಂಗಳದ ಕಸ ಮುಟ್ಟದಿದ್ದ ಕೈ ಅಲ್ಲಿ ಹುಲ್ಲಿನ ಚೂರು ಬಳಿದು ಚೀಲಕ್ಕೆ ತುಂಬುತ್ತದೆ. ಬೆವರು ತನ್ನದಾದಾಗ ಮನುಷ್ಯನಿಗೆ ಪ್ರಶ್ನೆ ಹುಟ್ಟುತ್ತದೆ: ಈ ಹುಲ್ಲು ಯಾಕಾದರೂ ಬೇಕು? 2005ರಲ್ಲಿ ಅಲ್ಲಿನ ವಿಜ್ಞಾನಿಗಳು ಉಪಗ್ರಹದ ಚಿತ್ರಗಳನ್ನೂ ಆಧಾರವಾಗಿಟ್ಟುಕೊಂಡು ಒಂದು ಅಂದಾಜು ಮಾಡಿದರು. ಆ ದೇಶದಲ್ಲಿ ಲಾನು ಸುಮಾರು 1.6 ಲಕ್ಷ ಚದರ ಕಿಲೋಮೀಟರ್ ಹರಡಿದೆ. ನಮ್ಮ ಇಡೀ ಕರ್ನಾಟಕ 1.92 ಲಕ್ಷ. ಬೀದರಿನಿಂದ ಚಾಮರಾಜನಗರದವರೆಗೆ ಊರು, ಕಾಡು, ಗದ್ದೆ, ಬೆಟ್ಟ ಎಲ್ಲ ಅಳಿಸಿ ಬರೀ ಕತ್ತರಿಸಿದ ಹುಲ್ಲು ಹಾಸಿದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು. ಅದರಲ್ಲಿ ಒಂದು ಹಿಡಿ ಕಾಳಿಲ್ಲ. ಮರುಭೂಮಿಯ ಸೀಮೆಯಾದ ನೆವಾಡ ರಾಜ್ಯ ಕಡೆಗೆ 2021ರಲ್ಲಿ ಕಾನೂನನ್ನೇ ಮಾಡಿತು. ಲಾಸ್ ವೇಗಾಸ್ ಸುತ್ತ ಯಾರೂ ಕಾಲಿಡದೆ ಬರೀ ನೋಟಕ್ಕಿರುವ ಹುಲ್ಲಿಗೆ, ಒಂಟಿ ಮನೆಗಳ ಅಂಗಳ ಬಿಟ್ಟು, 2027ರಿಂದ ಕೊಲರಾಡೋ ನದಿಯ ನೀರು ಕೊಡುವಂತಿಲ್ಲ.

ಕಾಲಿಡದ ಹುಲ್ಲು ಯಾರ ತಲೆಯಲ್ಲಿ ಹುಟ್ಟಿತು? ಅದು ಬೆಳೆದದ್ದು ಇಂಗ್ಲೆಂಡಿನ ಜಮೀನ್ದಾರರ ಬಂಗಲೆಗಳ ಮುಂದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಊರೊಟ್ಟಿನ ಹುಲ್ಲುಗಾವಲುಗಳಿಗೆ ಬೇಲಿ ಬಿತ್ತು. ಬಡವರ ದನ ಕುರಿ ಹೊರಗೆ, ಒಡೆಯನ ನೋಟ ಒಳಗೆ. ಡಾರ್ಸೆಟ್ ಸೀಮೆಯಲ್ಲಿ ಲಾರ್ಡ್ ಮಿಲ್ಟನ್ ಎಂಬ ಧಣಿ ಇದ್ದ. ಅವನ ಬಂಗಲೆಯ ಪಕ್ಕಕ್ಕೇ ಮಿಡಲ್ಟನ್ ಎಂಬ ಸಂತೆಯೂರಿತ್ತು. ಊರು ಅವನ ಕಣ್ಣಿಗೆ ಅಡ್ಡ ಬಂತು. 1770, 80ರ ದಶಕಗಳಲ್ಲಿ ಅವನು ಆ ಊರನ್ನೇ ಮನೆ ಮನೆಯಾಗಿ ಕೆಡವಿಸಿ, ಜನರನ್ನು ಕಣ್ಣಿಗೆ ಬೀಳದ ಕಣಿವೆಯಲ್ಲಿ ಕಟ್ಟಿಸಿದ ಹೊಸ ಹಳ್ಳಿಗೆ ಸಾಗಹಾಕಿದ. ಊರಿದ್ದ ಜಾಗದಲ್ಲಿ ಹಸಿರು ಬಯಲು ಬಂತು. ಗೋಮಾಳ ಕಳಕೊಂಡವರಿಗೆ, ಊರ ಹೊರಗೆ ಕೇರಿ ಕಟ್ಟಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಆ ಹುಲ್ಲನ್ನು ಕೂಲಿಯಾಳುಗಳು ಉದ್ದನೆಯ ಹಿಡಿಯ ಕುಡುಗೋಲಿನಿಂದ ಸವರಬೇಕಿತ್ತು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬ ಕುಶಲಿ ಉಣ್ಣೆ ಗಿರಣಿಯಲ್ಲಿ ಬಟ್ಟೆಯ ಜುಂಗು ಕತ್ತರಿಸುವ ಯಂತ್ರವನ್ನು ನೋಡಿ, ಅದೇ ಮಾದರಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಮಾಡಿದ. ಅಲ್ಲಿಂದ ಮುಂದೆ ಲಾರ್ಡುಗಳ ಹುಲ್ಲು ಗುಮಾಸ್ತರ ಅಂಗಳಕ್ಕೂ ಇಳಿಯಿತು. 1899ರಲ್ಲಿ ಥಾರ್ಸ್ಟೀನ್ ವೆಬ್ಲೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ದುಡಿಯದೆ ಉಣ್ಣುವ ವರ್ಗದ ಬಗ್ಗೆ ಬರೆಯುತ್ತ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದ. ಹುಲ್ಲು ಇರೋ ಕಡೆ ಹಸು ಬಿಟ್ಟರೆ ಎಲ್ಲ ಸರಿಹೋಗುತ್ತೆ, ಆದರೆ ಶ್ರೀಮಂತ ಹಸು ಬಿಡಲ್ಲ. ಹಸು ಕಂಡರೆ ಹಾಲು ನೆನಪಾಗುತ್ತೆ, ಲಾಭ ನೆನಪಾಗುತ್ತೆ, ದುಡಿಮೆ ನೆನಪಾಗುತ್ತೆ. ಏನಾದರೂ ಬಿಡಲೇಬೇಕು ಅಂದರೆ ಜಿಂಕೆ ಬಿಡ್ತಾನೆ. ಅಂದರೆ ಲಾನಿನ ಅಂದ ಇರೋದು ಅದರ ನಿರುಪಯೋಗದಲ್ಲಿ. ನೋಡಿ, ಇಷ್ಟು ನೆಲ ನನ್ನ ಹತ್ತಿರ ಇದೆ, ಇದರಿಂದ ನನಗೆ ಏನೂ ಆಗಬೇಕಾಗಿಲ್ಲ ಅಂತ ಸಾರೋದೇ ಅದರ ಕೆಲಸ.

ಇದು ನಮಗೆ ಬಂದದ್ದು ದಂಡಿನ ಜೊತೆ. ಬೆಂಗಳೂರು ಕಂಟೋನ್ಮೆಂಟಿನ ಬಂಗಲೆಗಳು, 1870ರಲ್ಲಿ ಆದ ಕಬ್ಬನ್ ಪಾರ್ಕು, 1876ರ ಗಾಲ್ಫ್ ಕ್ಲಬ್ಬು. ದೊರೆಗಳು ಹೋದರು, ಹುಲ್ಲು ಉಳಿಯಿತು. ದೊರೆಯ ಕುರ್ಚಿಯಲ್ಲಿ ಕೂತವರು ಅವನ ಹುಲ್ಲನ್ನೂ ಇಟ್ಟುಕೊಂಡರು. ಸರ್ಕಾರಿ ಅತಿಥಿಗೃಹ, ಕಾರ್ಖಾನೆಯ ಆಡಳಿತ ಕಟ್ಟಡ, ಈಗ ಸಾಫ್ಟ್‌ವೇರ್ ಕಂಪನಿ, ಅಪಾರ್ಟ್‌ಮೆಂಟು, ರೆಸಾರ್ಟು, ಮದುವೆ ಮಾಡೋ ಬಯಲು. ಎಲ್ಲ ಕಡೆ ಅದೇ ಹಸಿರು, ಅದರ ಅಂಚಿನಲ್ಲಿ ಅದೇ ಬೋರ್ಡು: "ಹುಲ್ಲಿನ ಮೇಲೆ ನಡೆಯಬೇಡಿ". ಬೀದಿಯಲ್ಲಿ ನಡೀಬೇಡ, ಬಾವಿ ಮುಟ್ಟಬೇಡ ಅಂತ ಕೇಳಿಸಿಕೊಂಡು ಬಂದವರ ಮೊಮ್ಮಕ್ಕಳಿಗೆ ಆ ಬೋರ್ಡಿನ ದನಿ ಹೊಸದಲ್ಲ.

ಲಾನಿನ ಒಳಗುಟ್ಟು ತಿಳಿದರೆ ಅದರ ಹೊಟ್ಟೆಬಾಕತನ ಅರ್ಥವಾಗುತ್ತದೆ. ಹುಲ್ಲು ಬುಡದಿಂದ ಬೆಳೆಯುವ ಜಾತಿ. ತಲೆ ಕತ್ತರಿಸಿದಷ್ಟೂ ಚಿಗುರುತ್ತದೆ. ಹೂ ಬಿಡೋಕೆ ಬಿಡಲ್ಲ, ಬೀಜ ಕಟ್ಟೋಕೆ ಬಿಡಲ್ಲ, ಸದಾ ಎಳೆಯದಾಗೇ ಇರಬೇಕು. ಗಿಡ್ಡ ಕತ್ತರಿಸಿದರೆ ಬೇರೂ ಮೇಲೇ ಉಳಿಯುತ್ತದೆ. ಬೇರು ಆಳಕ್ಕಿಳಿಯದೆ ಇದ್ದರೆ ದಿನಾ ನೀರು ಬೇಕು. ಕತ್ತರಿಸಿದ ಹುಲ್ಲನ್ನು ಗುಡಿಸಿ ಹೊರಗೆ ಸಾಗಿಸಿದರೆ ಮಣ್ಣಿನ ಸಾರವೂ ಅದರ ಜೊತೆ ಹೋಗುತ್ತದೆ, ಆಮೇಲೆ ಚೀಲದಲ್ಲಿ ಯೂರಿಯಾ ತರಬೇಕು. ಯೂರಿಯಾ ಹಾಕಿದರೆ ಬೇಗ ಬೆಳೆಯುತ್ತದೆ, ಮತ್ತೆ ಕತ್ತರಿಸಬೇಕು. ಎತ್ತಿನ ಗಾಣ ಸುತ್ತಿದ ಹಾಗೆ. ಗಾಣದಲ್ಲಾದರೂ ಎಣ್ಣೆ ಬರುತ್ತೆ.

ನೀರಿನ ಲೆಕ್ಕ ಮಾಡೋಣ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಲಾನಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಸಾವಿರ ಚದರ ಅಡಿ ಅಂದರೆ 93 ಚದರ ಮೀಟರ್. ದಿನಕ್ಕೆ 460 ಲೀಟರಿನಷ್ಟು. ಜಲಜೀವನ್ ಯೋಜನೆಯಲ್ಲಿ ಹಳ್ಳಿಯ ಮನುಷ್ಯನೊಬ್ಬನಿಗೆ ದಿನಕ್ಕೆ ಇಂತಿಷ್ಟು ಅಂತ ಸರ್ಕಾರ ಗೊತ್ತುಮಾಡಿದ ಅಳತೆ 55 ಲೀಟರ್. ಕುಡಿಯೋಕೆ, ಬೇಯಿಸೋಕೆ, ಮೀಯೋಕೆ, ಒಗೆಯೋಕೆ ಎಲ್ಲ ಸೇರಿ. ಸಾವಿರ ಅಡಿಯ ಹುಲ್ಲು ಎಂಟು ಜನರ ಪಾಲು ಕುಡಿದು ಕೂತಿದೆ. ಬೆಂಗಳೂರಿಗೆ ಬರುವ ಕಾವೇರಿಯಂತೂ ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹಾದು, ಪಂಪುಗಳು ಎತ್ತಿ ಎತ್ತಿ ಸುಮಾರು 500 ಮೀಟರ್ ಮೇಲೇರಿಸಿದ ನೀರು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ ಊರಿಗೆ ಊರೇ ಕೊಡ ಹಿಡಿದು ನಿಂತಾಗ ಜಲಮಂಡಳಿ ಆದೇಶ ಹೊರಡಿಸಿತು: ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ. ಕೊಡ ಹಿಡಿದವರಿಗೆ ಬುದ್ಧಿ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಆದೇಶ ಬೇಕಾದದ್ದು ಪೈಪು ಹಿಡಿದವರಿಗೆ.

1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರ್ ಮಹಾಡಿನಲ್ಲಿ ಚೌದಾರ್ ಕೆರೆಗೆ ಇಳಿದು ನೀರು ಕುಡಿದರು. ದನ ಕುಡಿಯಬಹುದಾಗಿದ್ದ ನೀರನ್ನು ಅಸ್ಪೃಶ್ಯ ಮನುಷ್ಯ ಮುಟ್ಟುವಂತಿರಲಿಲ್ಲ. ಇವತ್ತು ಹುಲ್ಲು ಕುಡಿದು ಮಿಕ್ಕರೆ ಕೊಳೆಗೇರಿಯ ನಲ್ಲಿಗೆ. ಯಾರೂ ಬಾಯಿಬಿಟ್ಟು ಹಾಗೆ ಹೇಳುವುದಿಲ್ಲ, ವಾಲ್ವು ತಿರುಗಿಸುವ ಕೈ ಹೇಳುತ್ತದೆ.

ಇನ್ನು ಕಳೆಯ ವಿಚಾರ. ಲಾನು ಅಂದರೆ ಒಂದೇ ಜಾತಿಯ ಹುಲ್ಲು, ಬೇರೆ ಏನು ಹುಟ್ಟಿದರೂ ಅದು ಕಳೆ. ಈ ಶುದ್ಧಿಯ ಹುಚ್ಚು ಎಲ್ಲಿಯದು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಂಗ್ಲೆಂಡು, ಅಮೆರಿಕಗಳಲ್ಲಿ ಬಿಳಿ ಹೂವಿನ ಮೂರೆಲೆಯ ಕ್ಲೋವರ್ ಎಂಬ ಗಿಡ ಮೊದಲು ಲಾನಿನ ಬೀಜದ ಜೊತೆಗೇ ಬೆರೆತು ಬರುತ್ತಿತ್ತು. ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುವ ಒಳ್ಳೆಯ ಗಿಡ ಅದು. 1940ರ ದಶಕದಲ್ಲಿ 2,4-ಡಿ ಎಂಬ ಕಳೆನಾಶಕ ಬಂತು. ಅಗಲ ಎಲೆಯದನ್ನೆಲ್ಲ ಕೊಂದು ಹುಲ್ಲನ್ನು ಮಾತ್ರ ಉಳಿಸುವ ವಿಷ. ಅದಕ್ಕೆ ಕ್ಲೋವರೂ ಸತ್ತಿತು. ಸತ್ತ ಮೇಲೆ ಅದು ಕಳೆ ಅಂತ ಹೆಸರಾಯಿತು. ನೋಡಿ, ಕಳೆ ಅಂತ ಮೊದಲು ಇದ್ದು ಅದಕ್ಕೆ ವಿಷ ಬಂದದ್ದಲ್ಲ. ವಿಷ ಮೊದಲು ಬಂತು, ಅದು ಕೊಂದದ್ದಕ್ಕೆಲ್ಲ ಕಳೆ ಅನ್ನೋ ಹೆಸರು ಆಮೇಲೆ ಬಂತು. ಹುಟ್ಟಿನಿಂದಲೇ ಕೀಳು ಅಂತ ಒಂದು ಗಿಡವೂ ಇಲ್ಲ.

ನಮ್ಮ ಕೋಲಾರ, ತುಮಕೂರು, ಮಂಡ್ಯದ ಹೆಂಗಸರು ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಮಡಿಲು ಕಟ್ಟಿಕೊಂಡು ಸೊಪ್ಪು ಕೊಯ್ಯುತ್ತಾರೆ. ಅಣ್ಣೆ, ಗೋಣಿ, ಗಣಿಕೆ, ಹೊನಗೊನ್ನೆ, ಕೀರೆ. ಒಂದೊಂದು ಹಿಡಿ. ಎಲ್ಲ ಸೇರಿದರೆ ಬೆರಕೆ ಸೊಪ್ಪು. ಬಸ್ಸಾರಿಗೆ ಅದಕ್ಕಿಂತ ರುಚಿ ಇಲ್ಲ. ಮನುಷ್ಯರ ವಿಷಯಕ್ಕೆ ಬಂದರೆ ಬೆರಕೆ ಅನ್ನೋದು ಬೈಗುಳ, ಬಾಣಲೆಯ ವಿಷಯಕ್ಕೆ ಬಂದರೆ ಅದೇ ಹೊಟ್ಟೆಯ ಬಲ. ಲಾನಿನಲ್ಲಿ ಕೂಲಿ ಹೆಂಗಸು ಚಿಕ್ಕ ಕುಡ್ಲು ಹಿಡಿದು ಕಿತ್ತು ಎಸೆಯುವ ಕಳೆಯಲ್ಲಿ ಅರ್ಧಕ್ಕರ್ಧ ಇದೇ ಸೊಪ್ಪುಗಳಿರುತ್ತವೆ. ತನ್ನ ಊಟವನ್ನೇ ಕಸ ಅಂತ ಕಿತ್ತು ಬುಟ್ಟಿಗೆ ಹಾಕೋದಕ್ಕೆ ಅವಳಿಗೆ ಕೂಲಿ. ಔಷಧಿ ಹೊಡೆದ ಕಡೆ ಅದನ್ನು ಮನೆಗೆ ಒಯ್ಯುವಂತೆಯೂ ಇಲ್ಲ.

ಹಾಗಂತ ಕಂಡ ಗಿಡಕ್ಕೆಲ್ಲ ಕೈಮುಗಿಯೋಣ ಅಂತ ನಾನು ಹೇಳ್ತಿಲ್ಲ. ಪಾರ್ಥೇನಿಯಂ, ಅದೇ ನಮ್ಮ ಜನ ಕಾಂಗ್ರೆಸ್ ಗಿಡ ಅನ್ನೋದು, ಚರ್ಮಕ್ಕೆ ತುರಿ, ಎದೆಗೆ ಉಬ್ಬಸ ತರುತ್ತದೆ. ಅದನ್ನು ಹೂ ಬಿಡೋ ಮುಂಚೆ ಬೇರುಸಹಿತ ಕೀಳಬೇಕು. ಬರಿಗೈಯಲ್ಲಲ್ಲ, ಕೈಚೀಲ ಹಾಕಿಕೊಂಡು. ಆ ಕೈಚೀಲ ಕೊಡಿಸುವ ಹೊಣೆ ಕೀಳಿಸುವವನದು. ವೆಡೇಲಿಯಾ ಅಂತ ಹಳದಿ ಹೂವಿನ ಬಳ್ಳಿಯನ್ನು ನರ್ಸರಿಯವರು ಆರೈಕೆಯೇ ಬೇಡ ಅಂತ ಕೊಡುತ್ತಾರೆ. ಬೇಡ ನಿಜ, ಆದರೆ ಬೇರೆ ಗಿಡಗಳನ್ನೆಲ್ಲ ಮುಚ್ಚಿ ಕೊಲ್ಲುತ್ತದೆ. ಲೋಕದ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಗಿಡವನ್ನು ಅದು ಮಾಡುವ ಕೆಲಸ ನೋಡಿ ತೂಗಬೇಕು. ಪರದೇಶದ್ದು ಅಂತ ತಳ್ಳೋದು, ಸ್ವದೇಶಿ ಅಂತ ತಲೆ ಮೇಲಿಟ್ಟುಕೊಳ್ಳೋದು ಎರಡೂ ಜಾತಿ ಕೇಳೋ ಚಟವೇ. ನಮ್ಮನ್ನು ಸಾಕಿದ ರಾಗಿ ಆಫ್ರಿಕಾದಿಂದ ಬಂದದ್ದು, ಸಾರಿನ ಮೆಣಸಿನಕಾಯಿ ಅಮೆರಿಕ ಖಂಡದ್ದು.

ಬದಲು ಅಂತ ನಮ್ಮ ಪಟ್ಟಣಗಳಲ್ಲಿ ಹೆಚ್ಚು ನಡೆಯೋದು ಎರಡು. ಒಂದು ಸಿಮೆಂಟು ಬಡಿಯೋದು, ಇನ್ನೊಂದು ಪ್ಲಾಸ್ಟಿಕ್ ಹುಲ್ಲು ಹಾಸೋದು. ಎರಡಕ್ಕೂ ಆರೈಕೆ ಕಡಿಮೆ. ಆದರೆ ಸಿಮೆಂಟಿನ ಮೇಲೆ ಬಿದ್ದ ಮಳೆ ನೆಲಕ್ಕೆ ಇಂಗದೆ ತಗ್ಗಿಗೆ ಓಡುತ್ತದೆ, ತಗ್ಗಿನಲ್ಲಿ ಯಾರಿರ್ತಾರೆ ಅಂತ ಎಲ್ಲರಿಗೂ ಗೊತ್ತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ವಿಲ್ಲಾಗಳೂ ಮುಳುಗಿ ಧಣಿಗಳು ಟ್ರ್ಯಾಕ್ಟರ್ ಹತ್ತಿ ಹೊರಬಂದಾಗ ಅದು ಸುದ್ದಿಯಾಯಿತು. ಕೆರೆ, ರಾಜಕಾಲುವೆಗಳನ್ನು ಮುಚ್ಚಿದ್ದು ಅದಕ್ಕೆ ದೊಡ್ಡ ಕಾರಣ, ಅಂಗಳ ಅಂಗಳಕ್ಕೂ ಸಿಮೆಂಟು ಬಡಿದ ಪಾಲೂ ಅದರಲ್ಲಿದೆ. ಕೊಳೆಗೇರಿಗೆ ನೀರು ನುಗ್ಗೋದು ಸುದ್ದಿಯಲ್ಲ, ಅದು ಮಳೆಗಾಲ. ಪ್ಲಾಸ್ಟಿಕ್ ಹುಲ್ಲಂತೂ ಬಿಸಿಲಿಗೆ ಕಾದ ಹೆಂಚು. ಎರೆಹುಳ ಇಲ್ಲ, ಚಿಟ್ಟೆ ಇಲ್ಲ, ಹಳತಾದ ಮೇಲೆ ಪುಡಿಪುಡಿಯಾಗಿ ಮಣ್ಣಿಗೆ ಸೇರುತ್ತದೆ. ಅದನ್ನು ಕಡೆಗೆ ಬಳಿಯೋದು ಕಸ ಆಯೋರ ಕೈಯೇ.

ಹಾಗಾದರೆ ಏನು ಮಾಡಬೇಕು? ಮಕ್ಕಳು ಆಡೋಕೆ ಹುಲ್ಲು ಬೇಕೇ ಬೇಕು ಅಂದರೆ ಆಡುವಷ್ಟು ಜಾಗಕ್ಕೆ ಗರಿಕೆ ಬಿಡಿ. ಇದೇ ನೆಲದ ಗಟ್ಟಿ ಹುಲ್ಲು ಅದು. ಸ್ವಲ್ಪ ಉದ್ದ ಬಿಟ್ಟೇ ಕತ್ತರಿಸಿ. ಬೇಸಿಗೆಯಲ್ಲಿ ಕಂದಾದರೆ ಆಗಲಿ, ಅದು ಸತ್ತಿರಲ್ಲ, ಮುಂಗಾರಿನ ಮೊದಲ ಹದ ಮಳೆಗೆ ತಾನೇ ಏಳುತ್ತದೆ. ಬಿಸಿಲಿನ ಒಣ ಜಾಗಕ್ಕೆ ನೆಲಹಿಪ್ಪಲಿ ಇದೆ. ನೆಲಕ್ಕಂಟಿ ಹಬ್ಬುತ್ತದೆ, ಅಪರೂಪಕ್ಕೆ ಕಾಲಿಟ್ಟರೂ ತಾಳುತ್ತದೆ, ಸಣ್ಣ ಹೂವಿಗೆ ಜೇನು ಬರುತ್ತದೆ. ಬ್ರೆಜಿಲಿನಿಂದ ಬಂದ ಹಳದಿ ಹೂವಿನ ಕಾಡುಶೇಂಗಾ ಗೇಣಿಗಿಂತ ಎತ್ತರ ಹೋಗುವುದಿಲ್ಲ, ಕ್ಲೋವರಿನ ಹಾಗೇ ಮಣ್ಣಿಗೆ ಸಾರಜನಕ ಕೊಡುತ್ತದೆ. ನೆರಳಿನ ತೇವದ ಕಡೆ ಒಂದೆಲಗ. ಸೋಪಿನ ನೀರು ಹರಿಯುವ ಕಡೆ ತಿನ್ನೋ ಸೊಪ್ಪು ಬೇಡ, ಬಾಳೆ, ಕಾಬಾಳೆ ಹಾಕಿ. ಇಳಿಜಾರಿಗೆ ಲಾವಂಚ, ಮಜ್ಜಿಗೆ ಹುಲ್ಲು. ಹೊಂಗೆ ಮರದ ಕೆಳಗೆ ಏನೂ ಬೇಡ, ಉದುರಿದ ಎಲೆ ಉದುರಿದಲ್ಲೇ ಇರಲಿ. ಅದನ್ನು ದಿನಾ ಗುಡಿಸಿ ಸುಟ್ಟು, ಆಮೇಲೆ ಗೊಬ್ಬರ ಕೊಂಡು ತರೋದು ಯಾವ ಜಾಣತನ? ಇವು ಯಾವುದೂ ಮೊದಲ ವರ್ಷ ಪುಕ್ಕಟೆ ಬರುವುದಿಲ್ಲ. ನೆಲ ಮುಚ್ಚುವ ತನಕ ನೀರು ಬೇಕು, ಕೈಕೆಲಸ ಬೇಕು. ಆಮೇಲೆ ಕಡಿಮೆಯಾಗುತ್ತದೆ.

ಇಲ್ಲೊಂದು ಹಳ್ಳವಿದೆ, ನೋಡಿ ದಾಟಬೇಕು. ಲಾನು ಪರಂಗಿಯವರದು, ನಮ್ಮ ಹಿರಿಯರ ಅಂಗಳ, ಹಿತ್ತಿಲು, ತುಳಸಿಕಟ್ಟೆಗಳೇ ಚೆಂದ ಅಂತ ಕಣ್ಣೀರಿಡುವವರು ಇದ್ದಾರೆ. ಯಾವ ಅಂಗಳ ಸ್ವಾಮಿ? ನಮ್ಮ ಅಜ್ಜಿಯರು ಸಗಣಿ ಹೊತ್ತು ತಂದು ಹಾಕಿ, ಹೊಸ್ತಿಲು ದಾಟದೆ ದೂರ ನಿಂತ ಅಂಗಳ. ಯಾವ ಹಿತ್ತಿಲು? ಮೇಲಿನಿಂದ ಎತ್ತಿ ಹಾಕಿದ ತಂಗಳನ್ನು ಸೆರಗೊಡ್ಡಿ ಹಿಡಿದ ಹಿತ್ತಿಲು. ಅಲ್ಲಿ "ನಡೆಯಬೇಡಿ" ಅಂತ ಬೋರ್ಡು ಇರಲಿಲ್ಲ, ಬೇಕಾಗಿರಲಿಲ್ಲ. ಇಂಗ್ಲಿಷ್ ಹುಲ್ಲು ಕಿತ್ತು ಆ ಅಂಗಳವನ್ನೇ ಮರಳಿ ತರುವುದಾದರೆ ನಮಗೆ ಅದರಲ್ಲಿ ಆಗಬೇಕಾದ್ದು ಏನೂ ಇಲ್ಲ.

ಕಡೆಗೆ ನಿಜವಾಗಿ ಕಷ್ಟದ ಪ್ರಶ್ನೆ. ಲಾನು ಹೋದರೆ ಆ ಹೆಂಗಸಿನ ಕೂಲಿಯೂ ಹೋಗುತ್ತಲ್ಲ? ಆರೈಕೆ ಕಡಿಮೆ ಅಂದರೆ ಆಳು ಕಡಿಮೆ ಅಂತಲೇ ಅರ್ಥ. ಇಪ್ಪತ್ತು ಜನ ಕೂತು ಕಳೆ ಕೀಳುವ ಕಡೆ ನಾಳೆ ಇಬ್ಬರು ಸಾಕು ಅಂತ ಗುತ್ತಿಗೆದಾರ ಹೇಳ್ತಾನೆ. ಹದಿನೆಂಟು ಒಲೆ ಆರುತ್ತವೆ. ಪರಿಸರ ಉಳಿಯಿತು ಅಂತ ಒಡೆಯ ಬೋರ್ಡು ಹಾಕಿಸಿಕೊಳ್ತಾನೆ. ಈ ಮಾತನ್ನು ತಪ್ಪಿಸಿಕೊಂಡು ತೋಟದ ಅಂದ ಮಾತಾಡುವವರ ಜೊತೆ ನಾವು ಸೇರಲಾರೆವು. ಹಾಗಂತ ಕೂಲಿ ಇದೆ ಅನ್ನೋ ಒಂದೇ ಕಾರಣಕ್ಕೆ ಅರ್ಥವಿಲ್ಲದ ದುಡಿಮೆಯನ್ನು ಕಾಯೋದೂ ಸರಿಯಲ್ಲ. ತಲೆ ಮೇಲೆ ಮಲ ಹೊರೋದಕ್ಕೂ ಕೂಲಿ ಇತ್ತು, ಅದನ್ನು ಉಳಿಸಿ ಅಂತ ನಾವು ಕೇಳಲಿಲ್ಲ.

ನನ್ನ ವಾದ ಇಷ್ಟು. ಲಾನು ತೆಗೆದರೆ ನೀರಿನ ದುಡ್ಡು ಉಳಿಯುತ್ತದೆ, ಗೊಬ್ಬರದ್ದು, ಔಷಧಿಯದ್ದು, ಯಂತ್ರದ ಪೆಟ್ರೋಲಿನದ್ದು ಉಳಿಯುತ್ತದೆ. ಆ ಉಳಿತಾಯದ ಮೇಲೆ ಮೊದಲ ಹಕ್ಕು ಇಷ್ಟು ದಿನ ಆ ಹುಲ್ಲಿಗೆ ಬೆನ್ನು ಬಗ್ಗಿಸಿದವರದು. ಸಸಿಮಡಿ ಮಾಡೋದು, ಎಲೆಗೊಬ್ಬರ ಮಾಡೋದು, ಮಳೆ ನೀರಿಗೆ ಇಂಗುಗುಂಡಿ ತೋಡೋದು, ಮರ ನೋಡಿಕೊಳ್ಳೋದು, ಇದೆಲ್ಲ ಕೆಲಸವೇ. ಕಳೆ ಕೀಳೋದಕ್ಕಿಂತ ಹೆಚ್ಚು ತಿಳಿವಳಿಕೆ ಬೇಡುವ ಕೆಲಸ. ಯಾವ ಸೊಪ್ಪು ಯಾವ ಮಣ್ಣಿಗೆ ಅಂತ ಆ ಹೆಂಗಸಿಗೆ ಗೊತ್ತಿರುವಷ್ಟು ಕೋಟು ಹಾಕಿದ ಉದ್ಯಾನ ವಿನ್ಯಾಸಕಾರನಿಗೆ ಗೊತ್ತಿಲ್ಲ. ಅವನಿಗೆ ಕೊಡುವ ಶುಲ್ಕದಲ್ಲಿ ಅವಳ ತಿಳಿವಳಿಕೆಗೂ ಪಾಲಿರಲಿ. ಕೆಲಸದ ಹೊತ್ತು ಕಡಿಮೆಯಾಗಲಿ, ಕೂಲಿ ಕಡಿಮೆಯಾಗುವುದು ಬೇಡ. ಬೆಳೆದ ಸೊಪ್ಪು ಕೊಯ್ದು ಮಡಿಲಲ್ಲಿ ಮನೆಗೆ ಒಯ್ಯುವಾಗ ಗೇಟಿನ ಕಾವಲುಗಾರ ತಡೆದು ಮಡಿಲು ಬಿಚ್ಚಿಸಬಾರದು.

ಆರೈಕೆ ಕಡಿಮೆ ಬೇಡುವ ತೋಟ ಯಾವುದು ಅಂತ ಯಾರಾದರೂ ಕೇಳಿದರೆ, ಗಿಡಗಳ ಹೆಸರು ಹೇಳುವ ಮುಂಚೆ ಒಂದು ಮಾತು ತಿರುಗಿ ಕೇಳಿ: ಅದನ್ನು ನೋಡಿಕೊಳ್ಳೋರು ನೀವೋ, ಬೇರೆಯವರೋ? ಬೇರೆಯವರಾದರೆ, ನಡುಮಧ್ಯಾಹ್ನ ಅವರು ಅಲ್ಲೇ, ನೀವು ಕೂರುವ ನೆರಳಲ್ಲೇ, ನಿಮ್ಮ ಕಣ್ಣೆದುರೇ ಕೂತು ಉಣ್ಣಬಹುದೋ? ಉಣ್ಣಬಹುದು ಅಂತ ಬಾಯಿ ತಡವರಿಸದೆ ಹೇಳಿದರೆ ಆಮೇಲೆ ಒಂದೆಲಗವೋ ನೆಲಹಿಪ್ಪಲಿಯೋ ಮಾತಾಡೋಣ. ತಡವರಿಸಿದರೆ, ಮೊದಲು ಕೀಳಬೇಕಾದ ಕಳೆ ಅಂಗಳದಲ್ಲಿಲ್ಲ.